ಸತ್ತ ಹಕ್ಕಿಗಳು ಹಸಿಕಸವೇ?

ಮಾನ್ಯರೇ,

ನಮ್ಮ ಕೆರೆಯ ಬೆಳ್ಳಕ್ಕಿ, ನೀರುಕಾಗೆಗಳ ಸಾವಿನ ವರದಿಯಲ್ಲಿ ‘ಕಳೇಬರಗಳನ್ನು ತಕ್ಷಣ ವಿಲೇವಾರಿ ಮಾಡಲಾಗಿದೆ’ ಎಂಬ ಅಧಿಕಾರಿಗಳ ಹೇಳಿಕೆ ಓದಿ ಏರಿ ಪಕ್ಕದವರೆಲ್ಲ ನಕ್ಕೆವು, ಮೂಗು ಮುಚ್ಚಿಕೊಂಡೇ. ವಿಲೇವಾರಿ ಎಂದರೆ ಪೌರಕಾರ್ಮಿಕರಿಂದ ಬರಿಗೈಯಲ್ಲಿ ಕಾಲು ಹಿಡಿದು ಎತ್ತಿಸಿ ಹಸಿಕಸದ ಗಾಡಿಗೆ ಎಸೆಸಿದ್ದು. ಅದೇ ಗಾಡಿ ಮರುದಿನ ನಮ್ಮ ಬಾಗಿಲಿಗೂ ಬಂತು. ತಪ್ಪು ಕಾರ್ಮಿಕರದಲ್ಲ, ಕಳಿಸಿದವರದು. 2017ರ ಜನವರಿಯಲ್ಲಿ ಹಕ್ಕಿಜ್ವರದಿಂದ ಮೈಸೂರು ಮೃಗಾಲಯಕ್ಕೇ ಬೀಗ ಬಿದ್ದಿದ್ದು ಮರೆತುಹೋಯಿತೇ?

ಇದಕ್ಕೇನು ಟೆಂಡರ್ ಕರೆಯಬೇಕಿಲ್ಲ. ಮಾಸ್ಕ್, ಕೈಗವಸು ತೊಟ್ಟು, ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಹಕ್ಕಿಯನ್ನು ಹಿಡಿದು, ಚೀಲವನ್ನು ಅದರ ಮೇಲೆಯೇ ಮಗುಚಿ ಗಂಟು ಹಾಕಿ, ಇನ್ನೊಂದು ಚೀಲದೊಳಗೆ ಇಡಬೇಕು. ಹೊಸದಾಗಿ ಸತ್ತ ಒಂದೆರಡನ್ನು ಮಂಜುಗಡ್ಡೆಯ ಜತೆ ಡಬ್ಬಿಯಲ್ಲಿಟ್ಟು ಅಂದೇ ಪರೀಕ್ಷೆಗೆ ಕಳಿಸಬೇಕು. ಫ್ರೀಜರಿಗೆ ಹಾಕಿದರೆ ಅಂಗಾಂಶ ಒಡೆದು ಸೂಕ್ಷ್ಮದರ್ಶಕದಡಿ ಸರಿಯಾಗಿ ತಿಳಿಯದು. ಉಳಿದವಕ್ಕೆ ನೀರಿನಿಂದ ದೂರ ಆಳದ ಗುಂಡಿ, ಸುಣ್ಣ.

ದಡದಲ್ಲೇ ಬಿಟ್ಟರೆ? ನೀರಿಳಿದ ಬೇಸಿಗೆಯಲ್ಲಿ ಬರುವ ಬಾಟ್ಯುಲಿಸಂ (ಬ್ಯಾಕ್ಟೀರಿಯಾದ ವಿಷದಿಂದ ಸ್ನಾಯುಗಳು ಸೋಲುವ ರೋಗ) ಆಗಿದ್ದರೆ ಹೆಣದ ಹುಳುಗಳಲ್ಲಿ ವಿಷ ತುಂಬಿಕೊಳ್ಳುತ್ತದೆ. ಹುಳುಗಳಿಗೆ ಏನೂ ಆಗದು. ಅವನ್ನು ತಿಂದ ಬಾತು ಕತ್ತು ಎತ್ತಲಾಗದೆ ನೀರಲ್ಲಿ ಮುಳುಗಿ ಸಾಯುತ್ತದೆ. ಆ ಹೆಣದಲ್ಲಿ ಮತ್ತೆ ಹುಳು. ‘ಸೋಮವಾರ ನೋಡೋಣ’ ಎಂದ ಸಾಹೇಬರಿಗೆ ಈ ಲೆಕ್ಕ ಬಾರದು.

ಬದುಕಿದ್ದ ಒಂದು ನೀರುಕಾಗೆಯನ್ನೂ ಬಿಡಲಿಲ್ಲ. ಕೊಕ್ಕು ಬಿಡಿಸಿ ಬಾಟಲಿ ನೀರು ಸುರಿದರು. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದು, ನೀರು ನೇರ ಶ್ವಾಸಕೋಶಕ್ಕೆ. ಆಮೇಲೆ ಕುಕ್ಕೀತೆಂದು ಕೊಕ್ಕಿಗೆ ಬಿಗಿಯಾಗಿ ರಬ್ಬರ್ ಬ್ಯಾಂಡ್! ನೀರುಕಾಗೆಗೆ, ಹೆಜ್ಜಾರ್ಲೆಗೆ ಮೂಗಿನ ಹೊಳ್ಳೆ ಮುಚ್ಚಿಯೇ ಇರುತ್ತದೆ, ಉಸಿರಾಡುವುದು ಬಾಯಿಂದ. ಟವೆಲ್ ಹೊದಿಸಿ, ಮೊದಲು ತಲೆ ಹಿಡಿದು, ಎದೆ ಅದುಮದೆ, ತೂತಿರುವ ರಟ್ಟಿನ ಡಬ್ಬಿಯಲ್ಲಿ ಇಟ್ಟಿದ್ದರೆ ಸಾಕಿತ್ತು.

ಅರಣ್ಯದವರು ‘ಕೆರೆ ಪಾಲಿಕೆಯದು’ ಎಂದರು. ಪಾಲಿಕೆಯವರು ‘ರೋಗ ಪಶುಸಂಗೋಪನೆಯವರದು’ ಎಂದರು. ಅವರು ‘ಕಾಡುಹಕ್ಕಿ ಅರಣ್ಯದವರದು’ ಎಂದರು. ನಾವು ಕಿಟಕಿ ತೆರೆಯುವಂತಿಲ್ಲ, ಮಕ್ಕಳನ್ನು ಏರಿಗೆ ಬಿಡುವಂತಿಲ್ಲ. ಹಿಂದೆ ಮೀನು ಸತ್ತಾಗಲೂ ಇದೇ ಕಥೆ. ಕೊಳಚೆ ಕಾಲುವೆ ತಿರುಗಿಸುತ್ತೇವೆ ಎಂದವರು ವರ್ಗವಾಗಿ ಹೋದರು, ಏರಿಯ ದೀಪ ಉರಿದದ್ದು ಉದ್ಘಾಟನೆಯ ದಿನ ಮಾತ್ರ.

ಕಾರ್ಮಿಕರಿಗೆ ಕೈಗವಸು, ಚೀಲ ಕೊಡಿ. ಇಲ್ಲವೇ ತಿಳಿದ ಒಬ್ಬ ಪಶುವೈದ್ಯರನ್ನು ಕಳಿಸಿ. ಎರಡೂ ಆಗದಿದ್ದರೆ ಫೋನನ್ನಾದರೂ ಎತ್ತಿ. ಸಂಬಳ ಎಣಿಸುವ ಕೈಗೆ ಅಷ್ಟೂ ಆಗದೇ?

– ಕೆರೆ ಏರಿ ರಸ್ತೆಯ ನಿವಾಸಿ