ದೋಸ್ತಾ, ಲೆಕ್ಕ ಮಾತ್ರ ಸರಿಯಾಗಿತ್ತು

ಪ್ರೀತಿಯ ದೋಸ್ತಾ,

ನಿನ್ನ ಮೆಸೇಜ್ ಓದಿದೆ. ಅಳಿಯನ ಖಾತೆ ಫ್ರೀಜ್ ಆಗಿದೆ, ಸಂಬಳ ತೆಗೆಯಲಿಕ್ಕೂ ಬರುತ್ತಿಲ್ಲ, "ನೀನು ಲೆಕ್ಕಪತ್ರದ ಮನುಷ್ಯ, ಏನಾದ್ರೂ ದಾರಿ ಹೇಳು" ಅಂದಿದ್ದೀಯ. ದಾರಿ ಹೇಳುತ್ತೇನೆ. ಆದರೆ ಅದು ನನಗೆ ಹೇಗೆ ಗೊತ್ತಾಯಿತು ಅನ್ನುವುದನ್ನೂ ಹೇಳಬೇಕಾಗುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟದಲ್ಲಿ ನಾನೂ ಮೋಸ ಹೋಗಿದ್ದೆ. ನಮ್ಮ ಮನೆಯಲ್ಲೇ ಅದು ಗೊತ್ತಾಗಿದ್ದು ಸಂಕ್ರಾಂತಿ ಆದ ಮೇಲೆ. ಬೇರೆಯವರೂ ಓದಲಿ ಅಂತ ಹೆಸರುಗಳನ್ನು ತೆಗೆದು ಇದನ್ನು ಆನ್‌ಲೈನ್‌ನಲ್ಲೂ ಹಾಕುತ್ತಿದ್ದೇನೆ. ಬೈಬೇಡ.

ನಾನು ಕಲಬುರಗಿಯ ಕಪನೂರಿನ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವುದು ನಿನಗೆ ಗೊತ್ತಲ್ಲ. ಹೊಸ ತೊಗರಿ ಬರುವ ತನಕ ಅಲ್ಲಿ ಕೆಲಸ ಕಮ್ಮಿ. ಹೋದ ದೀಪಾವಳಿ ಹೊತ್ತಿಗೆ ಹಂಗೇ ಕೂತಿದ್ದಾಗ ಟೆಲಿಗ್ರಾಂನಲ್ಲಿ ಒಂದು ಲಿಂಕ್ ಬಂತು. 2025ರ ಆಗಸ್ಟ್‌ನಲ್ಲೇ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮೇಲೆ ನಿಷೇಧದ ಕಾಯ್ದೆ ಪಾಸು ಮಾಡಿತ್ತು. ಟಿವಿಯಲ್ಲಿ ಜಾಹೀರಾತು ಕೊಡುತ್ತಿದ್ದ ದೊಡ್ಡ ಕಂಪನಿಗಳೆಲ್ಲ ಹಣದ ಆಟ ನಿಲ್ಲಿಸಿದ್ದವು. ಅವರು ಹೋದ ಜಾಗಕ್ಕೆ ಊರು ಕೇರಿ ಇಲ್ಲದವರು ಬಂದು ಕೂತಿದ್ದರು. ನನಗೆ ಸಿಕ್ಕಿದ್ದು ಅಂಥವರು.

ಒಂದು ಪುಟ್ಟ ವಿಮಾನ ಏರುತ್ತಾ ಹೋಗುತ್ತದೆ, ನಿನ್ನ ದುಡ್ಡೂ ಏರುತ್ತದೆ, ಅದು ಮಾಯ ಆಗುವ ಮೊದಲು ಒತ್ತಬೇಕು. ಅಷ್ಟೇ ಆಟ. ಮೊದಲ ವಾರದಲ್ಲಿ 2,000 ರೂಪಾಯಿ ತೆಗೆಯಲು ಹಾಕಿದೆ. ಹತ್ತು ನಿಮಿಷದಲ್ಲಿ ಖಾತೆಗೆ ಬಂತು. ಆ ಹತ್ತು ನಿಮಿಷ ನೆನಪಿಟ್ಟುಕೋ, ನಿನ್ನ ಅಳಿಯನ ವಿಷಯಕ್ಕೆ ಅದು ಬೇಕಾಗುತ್ತದೆ.

ಡಿಸೆಂಬರ್ ಹೊತ್ತಿಗೆ ಒಟ್ಟು 64,000 ಕಟ್ಟಿದ್ದೆ. ಸ್ಕ್ರೀನಿನ ಮೇಲೆ 1,85,000 ಕಾಣುತ್ತಿತ್ತು. ಎಲ್ಲಾ ತೆಗೆಯೋಣ ಅಂತ ಒತ್ತಿದೆ. "ಪ್ರೊಸೆಸಿಂಗ್" ಅಂತ ಬಂತು. ಎರಡು ದಿನ ಅದೇ. ಮೂರನೇ ದಿನ ಸಪೋರ್ಟ್ ಮ್ಯಾಡಮ್ ಮೆಸೇಜ್ ಮಾಡಿದರು. "ಸರ್, ಭಾರತದ ಕಾನೂನಿನ ಪ್ರಕಾರ ಮೊದಲು ಟಿಡಿಎಸ್ ಕಟ್ಟಬೇಕು. 36,900."

ನಾನು ಕ್ಯಾಲ್ಕುಲೇಟರ್ ತೆಗೆದೆ. 1,85,000ಕ್ಕೆ ಮೊದಲು ತೆಗೆದ 2,000 ಕೂಡಿಸಿ, ಕಟ್ಟಿದ 64,000 ಕಳೆದರೆ 1,23,000. ಅದರ ಶೇಕಡಾ 30 ಅಂದರೆ 36,900. ಒಂದು ಪೈಸೆ ಹೆಚ್ಚು ಕಮ್ಮಿ ಇಲ್ಲ. ಆ ಹಳೇ ಎರಡು ಸಾವಿರವನ್ನೂ ಬಿಟ್ಟಿರಲಿಲ್ಲ. 2023ರ ಏಪ್ರಿಲ್‌ನಿಂದ ಆನ್‌ಲೈನ್ ಆಟದ ಗೆಲುವಿಗೆ ಆದಾಯ ತೆರಿಗೆ ಕಾಯ್ದೆಯಲ್ಲಿ 194ಬಿಎ ಅಂತ ಸೆಕ್ಷನ್ ಬಂದಿತ್ತು, ಅದರ ಲೆಕ್ಕವೂ ಹೀಗೇ ಇತ್ತು. ಇಷ್ಟು ಸರಿಯಾಗಿ ಲೆಕ್ಕ ಮಾಡಿದವರು ಕಳ್ಳರು ಹೇಗಾಗುತ್ತಾರೆ ಅಂತ ನನಗೆ ಅನ್ನಿಸಿತು ನೋಡು.

ಟಿಡಿಎಸ್ ಅಂದರೆ ತೆರಿಗೆಯನ್ನು ಮೂಲದಲ್ಲೇ ಹಿಡಿದುಕೊಳ್ಳುವುದು. ಕೊಡುವವನು ಹಿಡಿದು ಉಳಿದದ್ದನ್ನು ಕೊಡಬೇಕು. ತೆಗೆದುಕೊಳ್ಳುವವನು ಕೈಯಿಂದ ಕಟ್ಟುವ ಮಾತೇ ಇಲ್ಲ. ಹದಿನಾಲ್ಕು ವರ್ಷದಿಂದ ಮಿಲ್ಲಿನ ಟಿಡಿಎಸ್ ಚಲನ್ ತುಂಬುತ್ತಿರುವವನು ನಾನು. ತೆರಿಗೆ ಹಿಡಿಯುವವರಿಗೆಲ್ಲ ಇಲಾಖೆ ಕೊಟ್ಟ ಟ್ಯಾನ್ ನಂಬರ್ ಇರಬೇಕು. "ನಿಮ್ಮ ಟ್ಯಾನ್ ನಂಬರ್ ಕೊಡಿ" ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಹೆಂಡತಿಯ ಚೀಟಿ ದುಡ್ಡಿನಿಂದ ಎರಡು ಕಂತಿನಲ್ಲಿ ಕಟ್ಟಿದೆ. ಮರುದಿನ ಮ್ಯಾಡಮ್ 15,000 "ಸೆಕ್ಯುರಿಟಿ ಡಿಪಾಸಿಟ್" ಕೇಳಿದರು. ಆಗ ಬಿತ್ತು ಕಣ್ಣಿನ ಪೊರೆ.

ಪೂರ್ತಿ ಬೀಳಲಿಲ್ಲ ಅನ್ನು. ಆ ಟೆಲಿಗ್ರಾಂ ಗುಂಪಿನಲ್ಲೇ "ನನಗೆ ಮೋಸ ಆಗಿದೆ" ಅಂತ ಬರೆದೆ. ಐದು ನಿಮಿಷಕ್ಕೆ ಒಬ್ಬ ಬಂದ. ತಾನು ಹ್ಯಾಕರ್, ಹೋದ ದುಡ್ಡು ವಾಪಸ್ ತರುವುದೇ ತನ್ನ ಕೆಲಸ ಅಂದ. ನನ್ನ ದುಡ್ಡು ಯಾವುದೋ ಕ್ರಿಪ್ಟೋ ವಾಲೆಟ್‌ನಲ್ಲಿ "ಸಿಕ್ಕಿದೆ" ಅಂತ ಸ್ಕ್ರೀನ್‌ಶಾಟ್ ಕಳಿಸಿದ. ಬಿಡಿಸಲಿಕ್ಕೆ 8,500. ಅದನ್ನೂ ಕೊಟ್ಟೆ. ಅವನೂ ಆ ಮ್ಯಾಡಮ್ಮೂ ಒಂದೇ ಮನೆಯವರೋ ಏನೋ, ಅಕ್ಕಪಕ್ಕ ಕೂತು ಚಹಾ ಕುಡಿಯುತ್ತಿದ್ದರೂ ಆಶ್ಚರ್ಯ ಇಲ್ಲ. ಆಡಲಿಕ್ಕೆ ಹೋಗಿದ್ದು 64,000, ಅದನ್ನು ವಾಪಸ್ ತರಲಿಕ್ಕೆ ಹೋಗಿದ್ದು 45,400.

ಆಮೇಲೆ ಬ್ಯಾಂಕಿಗೆ ಹೋದೆ. ಅನಧಿಕೃತ ವಹಿವಾಟಿನ ದುಡ್ಡು, ಅಂದರೆ ನಮ್ಮ ತಪ್ಪಿಲ್ಲದೆ ಬೇರೆ ಯಾರೋ ತೆಗೆದದ್ದು, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನ ಮೈಮೇಲೆ ಬರುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2017ರಲ್ಲಿ ಸುತ್ತೋಲೆ ಹೊರಡಿಸಿತ್ತು. ಅದರ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಮ್ಯಾನೇಜರ್ ಓದಿದರು. "ಪಿನ್ ಹಾಕಿದ್ದು ನೀವೇ ಅಲ್ವಾ?" ಅಂದರು. ಪ್ರಿಂಟ್ ಮಡಚಿ ಜೇಬಿಗೆ ಇಟ್ಟುಕೊಂಡೆ.

ಸೈಟಿನ ಕೆಳಗೆ ಕ್ಯುರಸಾವ್ ಸರ್ಕಾರದ ಜೂಜಿನ ಲೈಸೆನ್ಸ್ ಅಂತ ಹಸಿರು ಮುದ್ರೆ ಇತ್ತು. ಕೆರಿಬಿಯನ್ ಸಮುದ್ರದ ದ್ವೀಪ ಅದು, ನೆದರ್‌ಲೆಂಡ್ಸ್ ರಾಜ್ಯಕ್ಕೆ ಸೇರಿದ್ದು. ಎಷ್ಟೋ ವರ್ಷ ಅಲ್ಲಿ ನಾಲ್ಕೇ ಕಂಪನಿಗಳು ಮುಖ್ಯ ಲೈಸೆನ್ಸ್ ಇಟ್ಟುಕೊಂಡು ಉಳಿದವರಿಗೆ ಒಳಗುತ್ತಿಗೆ ಕೊಡುತ್ತಿದ್ದವು, 2024ರ ಡಿಸೆಂಬರ್‌ನಲ್ಲಿ ಅದನ್ನು ನಿಲ್ಲಿಸುವ ಹೊಸ ಕಾನೂನು ಬಂತು. ಅಸಲಿ ಮುದ್ರೆ ಒತ್ತಿದರೆ ಲೈಸೆನ್ಸ್ ಪರಿಶೀಲಿಸುವ ಪುಟ ತೆರೆಯಬೇಕು. ಇವರದ್ದನ್ನು ಒತ್ತಿದರೆ ಏನೂ ಆಗಲಿಲ್ಲ, ಸುಮ್ನೆ ಅಂಟಿಸಿದ ಚಿತ್ರ. ಅಸಲಿ ಇದ್ದಿದ್ದರೂ ಕಲಬುರಗಿಯ ಮನುಷ್ಯನಿಗೆ ಅದರಿಂದ ಏನಾಗಬೇಕಿತ್ತು?

ಕೊನೆಗೆ ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆ. ಹತ್ತು ದಿನ ತಡವಾಗಿ. ಮೊದಲ ಕೆಲವು ಗಂಟೆಯಲ್ಲೇ ಮಾಡಬೇಕು, ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು. ಸೈಬರ್ ಠಾಣೆಯಲ್ಲಿ ಬೈಯುತ್ತಾರೆ ಅಂದುಕೊಂಡಿದ್ದೆ. ಅಲ್ಲಿದ್ದ ಪೇದೆ ಮುಖ ಎತ್ತದೆ ಕೇಳಿದ್ದು ಒಂದೇ, "ಯುಟಿಆರ್ ಇದಾವಾ?" ಪ್ರತಿ ಯುಪಿಐ ಪಾವತಿಗೂ ಇರುವ 12 ಅಂಕಿಯ ನಂಬರ್ ಅದು. ನಾಚಿಕೆಯಿಂದ ನಾನು ಆ್ಯಪು, ಚಾಟು ಎಲ್ಲಾ ಅಳಿಸಿದ್ದೆ. ಪುಣ್ಯಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಇತ್ತು. ಅದನ್ನು ಮುಂದಿಟ್ಟುಕೊಂಡು ಇಬ್ಬರೂ ಎಣಿಸಿದೆವು. 18 ಪಾವತಿ, 11 ಹೆಸರು. ಒಂದೂ ಆ ಸೈಟಿನ ಹೆಸರಲ್ಲ. ಒಂದು ಹಣ್ಣಿನ ಅಂಗಡಿ, ಒಂದು ಮೊಬೈಲ್ ರಿಪೇರಿ, ಎರಡು ಟ್ರೇಡರ್ಸ್, ಉಳಿದದ್ದೆಲ್ಲ ಯಾರ್ಯಾರೋ ಬಡಪಾಯಿಗಳು. ತಿಂಗಳಿಗೆ ಇಷ್ಟು ಅಂತ ದುಡ್ಡು ತಗೊಂಡು ಪಾಸ್‌ಬುಕ್, ಸಿಮ್ಮು, ಎಟಿಎಂ ಕಾರ್ಡು ಎಲ್ಲಾ ಬಾಡಿಗೆಗೆ ಕೊಟ್ಟಿರುತ್ತಾರಂತೆ.

ಒಬ್ಬ ವಕೀಲರೂ ಸಿಕ್ಕರು. "ಆಡಿ ಸೋತೆ ಅಂದರೆ ಕೇಸಿಲ್ಲ" ಅಂದರು. ಬಾಜಿ ಕಟ್ಟಿದ ದುಡ್ಡಿಗೆ ದಾವೆ ನಡೆಯುವುದಿಲ್ಲ ಅಂತ 1872ರ ಕರಾರು ಕಾಯ್ದೆಯ 30ನೇ ಸೆಕ್ಷನ್ನೇ ಹೇಳುತ್ತದೆ. ಆದರೆ ಇಲ್ಲದ ತೆರಿಗೆಯ ಹೆಸರಲ್ಲಿ ದುಡ್ಡು ಕೀಳುವುದು ವಂಚನೆ, ಅದು ಬೇರೆ ಅಪರಾಧ. 2025ರ ನಿಷೇಧದ ಕಾಯ್ದೆಯಲ್ಲೂ ಶಿಕ್ಷೆ ಇರುವುದು ಆಟ ನಡೆಸುವವರಿಗೆ, ಜಾಹೀರಾತು ಮಾಡುವವರಿಗೆ, ದುಡ್ಡು ಸಾಗಿಸುವವರಿಗೆ. ಆಡಿದವನಿಗಲ್ಲ. ಹಾಗಾಗಿ ದೂರಿನಲ್ಲಿ ಏನೂ ಮುಚ್ಚಿಡದೆ ಬರೆದೆ. ತೆರಿಗೆಯ ಎರಡನೇ ಕಂತು ಹೋದ ಖಾತೆಯಲ್ಲಿ 6,300 ಉಳಿದಿತ್ತು. ಪೊಲೀಸರು ಅದನ್ನು ತಡೆಹಿಡಿಸಿದರು. ಕೋರ್ಟಿಗೆ ಅರ್ಜಿ ಹಾಕಿ ಆದೇಶ ತಂದ ಮೇಲೆ ಅದು ನನ್ನ ಖಾತೆಗೆ ಬಂತು, ಶರಣಬಸವೇಶ್ವರ ಜಾತ್ರೆಯ ಹಿಂದಿನ ದಿನ. ವಕೀಲರ ಫೀಸು 3,000. ಉಳಿದ ದುಡ್ಡಿನಲ್ಲಿ ಹೆಂಡತಿಗೆ ಜಾತ್ರೆಯಲ್ಲಿ ಬಳೆ ಕೊಡಿಸಿದೆ. ಹಾಕಿಕೊಂಡಳು, ಮಾತಾಡಲಿಲ್ಲ.

ಈಗ ನಿನ್ನ ಅಳಿಯ. ಅವನು ನವೆಂಬರ್‌ನಲ್ಲಿ 12,000 ಗೆದ್ದು ಖಾತೆಗೆ ಹಾಕಿಸಿಕೊಂಡಿದ್ದಾನೆ ಅಂದೆ. ಆ ಸೈಟಿನವರು ಅದನ್ನು ಎಲ್ಲಿಂದ ಕೊಟ್ಟರು? ನನ್ನಂಥವನು ಕಟ್ಟಿದ್ದು ಬಾಡಿಗೆ ಖಾತೆಗೆ ಹೋಗುತ್ತದೆ, ಗೆದ್ದವನಿಗೆ ಅದೇ ಖಾತೆಯಿಂದ ಬರುತ್ತದೆ. ನನಗೆ ಹತ್ತು ನಿಮಿಷದಲ್ಲಿ ಬಂದ 2,000 ಕೂಡ ಯಾರೋ ಸೋತವನದೇ. ಆ ಸೋತವನು 1930ಕ್ಕೆ ದೂರು ಕೊಟ್ಟರೆ ದುಡ್ಡಿನ ಜಾಡು ಹಿಡಿದುಕೊಂಡು ಬ್ಯಾಂಕಿನಿಂದ ಬ್ಯಾಂಕಿಗೆ ತಡೆ ಬೀಳುತ್ತಾ ಬರುತ್ತದೆ. ಬೀದರಿನ ಹುಡುಗನ ಸಂಬಳದ ಖಾತೆ ತನಕ.

ಬ್ಯಾಂಕಿನವರ ಹತ್ತಿರ ಜಗಳ ಆಡಿ ಪ್ರಯೋಜನ ಇಲ್ಲ, ತಡೆ ಹಾಕಿಸಿದ್ದು ಅವರಲ್ಲ. ಯಾವ ಊರಿನ ಯಾವ ಠಾಣೆ, ದೂರಿನ ನಂಬರ್ ಏನು, ಎಷ್ಟು ದುಡ್ಡಿನ ಬಗ್ಗೆ ತಕರಾರು, ಈ ಮೂರನ್ನು ಬರವಣಿಗೆಯಲ್ಲಿ ಕೇಳಲಿ. ಆ ಠಾಣೆಗೆ ಆರು ತಿಂಗಳ ಸ್ಟೇಟ್‌ಮೆಂಟು, ಸಂಬಳದ ಚೀಟಿ ಇಟ್ಟು ಅರ್ಜಿ ಬರೆಯಲಿ. ತಕರಾರಿನ ಮೊತ್ತ ಮಾತ್ರ ಹಿಡಿದು ಉಳಿದ ಖಾತೆ ಬಿಡಿ ಅಂತ ಕೇಳಬಹುದು, ಕೇರಳ ಹೈಕೋರ್ಟ್ 2023ರಲ್ಲಿ ಹಾಗೆಯೇ ಹೇಳಿದೆ. ಆ 12,000ದ ಆಸೆ ಬಿಡಲಿ. "ಖಾತೆ ಬಿಡಿಸಿಕೊಡುತ್ತೇನೆ, ಇಷ್ಟು ಕೊಡಿ" ಅಂತ ಯಾರಾದರೂ ಬಂದರೆ ನನ್ನ 8,500 ನೆನಪಿಸು. ಮತ್ತೆ ಒಂದು ಮಾತು, ಕಾರ್ಡು ಸಿಮ್ಮು ಯಾರಿಗಾದರೂ ಕೊಟ್ಟಿದ್ದಾನಾ ಅಂತ ಮೆಲ್ಲಗೆ ಕೇಳು. ಕೊಟ್ಟಿದ್ದರೆ ಅದು ದೊಡ್ಡ ತಲೆನೋವು, ಮೊದಲು ವಕೀಲರ ಹತ್ತಿರ ಹೋಗಿ. ರಾತ್ರಿ ಇನ್ನೂ ಆಡುತ್ತಿದ್ದರೆ ಬೈಬೇಡ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ. ನಾನೂ ಎರಡು ಸಲ ಮಾಡಿದ್ದೆ, ಮಿಲ್ಲಿನ ಹಿಂದೆ ನಿಂತುಕೊಂಡು.

ಇನ್ನೊಂದು ಕೆಲಸ ಮಾಡು ದೋಸ್ತಾ. ಅವನ ಸ್ಟೇಟ್‌ಮೆಂಟಿನಲ್ಲಿ ಆ 12,000 ಯಾವ ಹೆಸರಿನಿಂದ ಬಂದಿದೆ ನೋಡಿ ನನಗೆ ಫೋಟೋ ಕಳಿಸು. ನನ್ನ ಹನ್ನೊಂದು ಹೆಸರಿನ ಚೀಟಿ ಇನ್ನೂ ಡ್ರಾಯರ್‌ನಲ್ಲಿದೆ. ಅವನ ಖಾತೆ ಹಿಡಿಸಿದ್ದು ನನ್ನ ದೂರೇ ಇರಬಹುದು.

ನಿನ್ನ
ಕಲಬುರಗಿ ದೋಸ್ತ