ತಾರಸಿ ಕಾಂಕ್ರೀಟಿಗೆ ಇನ್ನೊಂದು ಬಕೆಟ್ ನೀರು ಬೇಡ

ಮಾನ್ಯ ಸಂಪಾದಕರೇ,

ಮಳೆಗಾಲಕ್ಕೆ ಮುಂಚೆ ತಾರಸಿ ಮುಗಿಸಬೇಕೆಂದು ನಮ್ಮ ಬಡಾವಣೆಯಲ್ಲಿ ಎಲ್ಲರಿಗೂ ಅವಸರ. ಬೆಳಿಗ್ಗೆ ಮಿಕ್ಸರ್ ಶುರುವಾದರೆ ಸಂಜೆವರೆಗೂ ಒಂದೇ ಕೂಗು: "ಮಾಲು ಗಟ್ಟಿ ಆಯ್ತು, ಇನ್ನೊಂದು ಬಕೆಟ್ ನೀರು ಬಿಡು!" ಪಾಲಿಟೆಕ್ನಿಕ್‌ನಲ್ಲಿ ಕಾಂಕ್ರೀಟ್ ಲ್ಯಾಬ್ ನೋಡಿಕೊಳ್ಳುವ ನನಗೆ ಅದು ಕಿವಿಗೆ ಬಿದ್ದಾಗಲೆಲ್ಲ ಹೊಟ್ಟೆ ಚುರ್ ಎನ್ನುತ್ತದೆ. ಅದಕ್ಕೇ ಈ ಪತ್ರ.

ನೀರು ಎಷ್ಟು ಮೆಲ್ಲಗೆ ತಳ್ಳಿದರೂ ಹರಿಯುತ್ತದೆ. ಹಸಿ ಕಾಂಕ್ರೀಟ್ ಹಾಗಲ್ಲ. ಒಂದು ಮಟ್ಟದ ಬಲ ಬೀಳುವ ತನಕ ಅದು ಜಗ್ಗುವುದಿಲ್ಲ, ದಾಟಿದ ಮೇಲೆ ಹರಿಯುತ್ತದೆ. ಟೂತ್‌ಪೇಸ್ಟ್ ಕೂಡ ಹಾಗೇ ಅಲ್ವಾ? ಹಿಂಡಿದರೆ ಬರುತ್ತದೆ, ಬ್ರಷ್ ಮೇಲೆ ನಿಲ್ಲುತ್ತದೆ. ಆ ಮಟ್ಟಕ್ಕೆ ಯೀಲ್ಡ್ ಸ್ಟ್ರೆಸ್ ಎನ್ನುತ್ತಾರೆ. ನೀರಿನಲ್ಲಿ ಸಿಮೆಂಟಿನ ಕಣಗಳು ಒಂದಕ್ಕೊಂದು ಹಿಡಿದುಕೊಂಡು ಜಾಲ ಕಟ್ಟುತ್ತವೆ. ಹರಿಯಬೇಕಾದರೆ ಆ ಜಾಲ ಬಿಡಬೇಕು. ಸುಮ್ನೆ ಬಿಟ್ಟರೆ ಅದು ಮತ್ತೆ ಬಿಗಿಯುತ್ತದೆ. ಮಿಕ್ಸರ್ ಲಾರಿಯ ಡ್ರಮ್ ದಾರಿಯುದ್ದಕ್ಕೂ ತಿರುಗುತ್ತಲೇ ಇರಲು ಇದೂ ಒಂದು ಕಾರಣ.

ಮೇಸ್ತ್ರಿಗೆ ತಲೆನೋವಾಗುವ ಈ ಬಿಗಿಯೇ ಜಲ್ಲಿಯನ್ನು ಎತ್ತಿ ಹಿಡಿದಿರುತ್ತದೆ. ಜಲ್ಲಿ ಸುತ್ತಲಿನ ಗಾರೆಗಿಂತ ಭಾರ. ಬಿಗಿ ಹೋದರೆ ಜಲ್ಲಿ ಕೆಳಗೆ ಕೂರುತ್ತದೆ, ನೀರು ಮೇಲೆ ತೇಲುತ್ತದೆ. ಆಮೇಲೆ ಆ ನೀರು ಆರಿದ ಜಾಗದಲ್ಲಿ ಸಣ್ಣ ರಂಧ್ರಗಳು ಉಳಿಯುತ್ತವೆ. ಮಳೆನೀರು ಒಳಗಿಳಿದು ಕಂಬಿ ತುಕ್ಕು ಹಿಡಿಯುವುದು ಆ ದಾರಿಯಲ್ಲೇ.

ಲೆಕ್ಕ ನೋಡಿ. ಕಾಂಕ್ರೀಟ್ ಕೆಲಸಕ್ಕೆ ಇರುವ ಭಾರತೀಯ ಮಾನಕ ಐಎಸ್ 456ರ ಪ್ರಕಾರ, ಹವೆಯ ಕಾಟ ಕಡಿಮೆ ಇರುವ ಕಡೆಯೂ ಕಂಬಿ ಹಾಕಿದ ಕಾಂಕ್ರೀಟಿನಲ್ಲಿ ನೀರು ಸಿಮೆಂಟಿನ ತೂಕದ 0.55 ಪಾಲು ದಾಟಬಾರದು. ಅಂದರೆ 50 ಕೆಜಿ ಮೂಟೆಗೆ 27 ಲೀಟರ್ ಚಿಲ್ಲರೆ, ಮರಳಿನ ತೇವವೂ ಸೇರಿ. 25 ಲೀಟರ್ ಹಾಕಿದ ಮಾಲಿಗೆ 10 ಲೀಟರ್ ಬಕೆಟ್ ಒಂದು ಸುರಿದರೆ ಪಾಲು 0.7 ಆಯ್ತು. ಬಲ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಹೋಯಿತು. ಅಮೆರಿಕದ ಕಾಂಕ್ರೀಟ್ ಸಂಶೋಧಕ ಡಫ್ ಏಬ್ರಮ್ಸ್ 1918ರಲ್ಲೇ ಈ ನಂಟನ್ನು ತೋರಿಸಿಕೊಟ್ಟಿದ್ದರು.

ಮಾಲು ಎಷ್ಟು ಗಟ್ಟಿ ಎಂದು ಅಳೆಯಲು ಸ್ಲಂಪ್ ಕೋನ್ ಸಾಕು. 30 ಸೆಂ.ಮೀ. ಎತ್ತರದ, ಎರಡೂ ಕಡೆ ತೆರೆದ ತಗಡಿನ ಅಚ್ಚು ಅದು. ಪದರ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ಸರಳಿನಿಂದ 25 ಸಲ ಕುಟ್ಟಿ, ಅಚ್ಚನ್ನು ನೇರಕ್ಕೆ ಎತ್ತಬೇಕು. ಆಗ ಬಗ್ಗಿ ನೋಡಿ. ತುದಿಯ ಮೇಲೆ ಹೊರೆ ಇಲ್ಲ, ಅದು ಅಚ್ಚಿನಲ್ಲಿ ಇದ್ದ ಹಾಗೇ ಇರುತ್ತದೆ. ಬುಡಕ್ಕೆ ಮೇಲಿನ ತೂಕವೆಲ್ಲ ಬಿದ್ದು ಅಲ್ಲಿ ಹೊಟ್ಟೆ ಉಬ್ಬುತ್ತದೆ. ಗುಪ್ಪೆ ಅಗಲವಾದ ಹಾಗೆ ಆ ಬಲ ಹಂಚಿಹೋಗಿ, ಯೀಲ್ಡ್ ಸ್ಟ್ರೆಸ್ ಮಟ್ಟಕ್ಕೆ ಇಳಿದಾಗ ಕುಸಿತ ನಿಲ್ಲುತ್ತದೆ. ಎಷ್ಟು ಕುಸಿಯಿತು ಎಂಬುದೇ ಅಳತೆ. ಕಂಬಿ ವಿರಳವಾಗಿರುವ ತಾರಸಿಗೆ 25ರಿಂದ 75 ಮಿ.ಮೀ., ಕಂಬಿ ಒತ್ತಾಗಿದ್ದರೆ 50ರಿಂದ 100. ನಾನು ನೋಡುವ ಮನೆಗಳಲ್ಲಿ ಮಾಲು ಸಾರಿನಂತೆ ಹರಿಯುತ್ತಿರುತ್ತದೆ. ಅದಕ್ಕೆ ಅಚ್ಚು ಇಡುವುದೂ ದಂಡ.

ಮೇಸ್ತ್ರಿಗಳ ಕಷ್ಟ ನನಗೆ ಗೊತ್ತು. ಗಟ್ಟಿ ಮಾಲನ್ನು ಬಿಸಿಲಲ್ಲಿ ಸಲಿಕೆಯಿಂದ ಎಳೆದು ಹರಡುವುದು ಸೊಂಟ ಮುರಿಯುವ ಕೆಲಸ. ಹರಡದೆ ಬಿಟ್ಟರೆ ಕಂಬಿಯ ಅಡಿ ಟೊಳ್ಳು ಗೂಡುಗಳು ಉಳಿಯುತ್ತವೆ. ಅದಕ್ಕೆ ಉಪಾಯ ಬೇರೆ ಇದೆ. ಪ್ಲಾಸ್ಟಿಸೈಸರ್ ಎಂಬ ರಾಸಾಯನಿಕ ಮೂಟೆಗೆ ಕೆಲವು ನೂರು ಗ್ರಾಂ ಸಾಕು, ಕಣಗಳನ್ನು ಬೇರ್ಪಡಿಸಿ ನೀರು ಹೆಚ್ಚಿಸದೆ ಮಾಲನ್ನು ಸಡಿಲ ಮಾಡುತ್ತದೆ. ಮಾಲನ್ನು ನಡುಗಿಸುವ ವೈಬ್ರೇಟರ್ ಯಂತ್ರದ ಸೂಜಿ ಇಳಿಸಿದ ಜಾಗದಲ್ಲಿ ಬಿಗಿ ಆ ಗಳಿಗೆಗೆ ಮಾತ್ರ ಬಿಡುತ್ತದೆ, ಮಾಲು ಮೂಲೆಗೆ ಇಳಿಯುತ್ತದೆ, ಗಾಳಿ ಗುಳ್ಳೆ ಹೊರಬರುತ್ತದೆ. ಗುಳ್ಳೆ ನಿಂತ ಮೇಲೂ ಸೂಜಿ ಅಲ್ಲೇ ಇಟ್ಟರೆ ಜಲ್ಲಿ ಇಳಿಯುತ್ತದೆ. ಮೆಲ್ಲಗೆ ಎತ್ತಿ ಮುಂದೆ ಸಾಗಬೇಕು.

ದೊಡ್ಡ ಕಟ್ಟಡಗಳಲ್ಲಿ ಇದನ್ನೆಲ್ಲ ನೋಡಲು ಎಂಜಿನಿಯರ್ ಇರುತ್ತಾರೆ. ಸಾಲ ಮಾಡಿ 30-40 ಸೈಟಿನಲ್ಲಿ ಮನೆ ಕಟ್ಟುವವರಿಗೆ ಯಾರಿದ್ದಾರೆ? ನಗರಸಭೆ, ಪಂಚಾಯಿತಿಗಳು ಪರವಾನಗಿ ಜೊತೆ ಇಷ್ಟನ್ನು ಕನ್ನಡದಲ್ಲಿ ಬರೆದ ಒಂದು ಹಾಳೆ ಕೊಡಲಿ. ಪಾಲಿಟೆಕ್ನಿಕ್‌ಗಳಲ್ಲಿ ಸ್ಲಂಪ್ ಕೋನ್ ಇದ್ದೇ ಇರುತ್ತದೆ. ರಜೆಯ ದಿನ ಊರಿನ ಮೇಸ್ತ್ರಿಗಳನ್ನು ಕರೆದು ಕೈಯಾರೆ ಮಾಡಿಸಲು ಇಲಾಖೆ ಅನುಮತಿ ಕೊಟ್ಟರೆ, ನಮ್ಮ ಲ್ಯಾಬಿನಿಂದ ಆ ಕೆಲಸ ಶುರು ಮಾಡಲು ನಾನು ತಯಾರಿದ್ದೇನೆ.

– ಪಾಲಿಟೆಕ್ನಿಕ್ ಉಪನ್ಯಾಸಕಿ, ದಾವಣಗೆರೆ