ಮಳೆ ಪಂದ್ಯ ಮತ್ತು ತಪ್ಪಿದ ಶತಕ: ಗುಂಪಿನ ಎಲ್ಲರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಮ್ಮ ಕ್ರಿಕೆಟ್ ಗುಂಪಿನಲ್ಲಿ ಮಳೆ ಪಂದ್ಯದ ಗುರಿ ಮತ್ತು ಶತಕ ತಪ್ಪಿದವರ ಬಗ್ಗೆ ನಿನ್ನೆಯ ವಾದ ಜಾಸ್ತಿಯೇ ಬಿಸಿಯಾಯಿತು, ಅದಕ್ಕೇ ಈ ಸೂಚನೆ.

ಮಳೆಯಿಂದ ಗುರಿ ಬದಲಾದ ಕೂಡಲೇ ‘ಮೋಸ’ ಎಂದು ಬರೆಯಬೇಡಿ. ಮಳೆ ಪಂದ್ಯಕ್ಕೆ ಹೊಸ ಗುರಿ ಕೊಡುವ ಡಕ್ವರ್ತ್-ಲೂಯಿಸ್ (ಈಗಿನ ಹೆಸರು ಡಕ್ವರ್ತ್-ಲೂಯಿಸ್-ಸ್ಟರ್ನ್) ಲೆಕ್ಕ ಉಳಿದ ಓವರ್ ಜೊತೆ ಕೈಯಲ್ಲಿರುವ ವಿಕೆಟ್‌ಗಳನ್ನೂ ನೋಡುತ್ತದೆ. ಅದು ಬರುವ ಮೊದಲು ಏನಾಗುತ್ತಿತ್ತು? 1992ರ ವಿಶ್ವಕಪ್ ಸೆಮಿಫೈನಲ್, ಸಿಡ್ನಿ. ದಕ್ಷಿಣ ಆಫ್ರಿಕಾಕ್ಕೆ 13 ಎಸೆತದಲ್ಲಿ 22 ರನ್ ಬೇಕಿತ್ತು. ಸ್ವಲ್ಪ ಹೊತ್ತು ಮಳೆ ಬಂತು. ಆಟ ಮತ್ತೆ ಶುರುವಾದಾಗ ಉಳಿದಿದ್ದು ಒಂದೇ ಎಸೆತ, ಬೇಕಿದ್ದದ್ದು 21 ರನ್! ಅನ್ಯಾಯ ಅಂದರೆ ಅದು, ಅಲ್ವಾ?

ಶತಕ, ದ್ವಿಶತಕದ ಹತ್ತಿರ ಔಟಾದವರನ್ನು ಸುಮ್ನೆ ಹೀಯಾಳಿಸುವುದೂ ಬೇಡ. ನಮ್ಮ ಕೊಡಗಿನ ರಾಬಿನ್ ಉತ್ತಪ್ಪ 2006ರಲ್ಲಿ ಮೊದಲ ಏಕದಿನ ಪಂದ್ಯದಲ್ಲೇ 86 ಹೊಡೆದು ರನ್ ಔಟಾದರು. ರಾಹುಲ್ ದ್ರಾವಿಡ್ ಮೊದಲ ಟೆಸ್ಟ್‌ನಲ್ಲಿ 95. ಕೆ.ಎಲ್. ರಾಹುಲ್ 2016ರಲ್ಲಿ ಚೆನ್ನೈ ಟೆಸ್ಟ್‌ನಲ್ಲಿ 199. ಇವು ದೊಡ್ಡ ಆಟಗಳೇ. ಒಂದು ರನ್ ಕಡಿಮೆಯಾದರೆ ಆಟ ಸಣ್ಣದಾಗುವುದಿಲ್ಲ.

ಗಾಳಿಮಳೆಗೆ ಕರೆಂಟ್ ಹೋದವರು ಸ್ಕೋರ್‌ಗೆ ಈ ಗುಂಪನ್ನೇ ನಂಬಿರುತ್ತಾರೆ. ಹೊಸ ಗುರಿ, ಓವರ್ ಎಷ್ಟು ಅಂತ ಯಾರಾದರೂ ಒಬ್ಬರು ಬರೆದು ಹಾಕಿ. ವಿಡಿಯೋ ಬೇಡ, ತೋಟದ ಕಡೆ ನೆಟ್‌ವರ್ಕ್ ಸಿಗುವುದೇ ಕಷ್ಟ.